ಇಪ್ಪತ್ತೈದು ಮೈಲಿಯ ಬೇಲಿ

ಮಕ್ಕಳ ಕುಂಡೆ ತೊಳೆಯುವುದು ತನ್ನ ಗುಟ್ಟಿನ ವಿದ್ಯೆ ಎಂದು ಒಂದು ಕಂಪನಿ ಕೋರ್ಟಿನಲ್ಲಿ ಹೇಳಿತು. ಹೌದೆಂದು ನಾನು ಸಹಿ ಹಾಕಿಕೊಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕಥೆ ಹೇಳುವ ಮುಖ ನನಗಿಲ್ಲ.

ನನ್ನ ಹೆಸರು ಶಾಂಡ್ರಾ. ಓಹಾಯೋ ನದಿಯ ದಂಡೆಯ ಊರು ನಮ್ಮದು. ಉಕ್ಕಿನ ಕಾರ್ಖಾನೆ ಮುಚ್ಚಿತು, ಗಂಡಸರ ಕೆಲಸ ಹೋಯಿತು. ಹೆಂಗಸರ ಕೆಲಸ ಉಳಿಯಿತು. ಒರೆಸುವುದು, ತೊಳೆಯುವುದು, ಎತ್ತುವುದು, ತಿನ್ನಿಸುವುದು. ಈ ಕೆಲಸಕ್ಕೆ ಬಾಗಿಲು ಹಾಕಲು ಯಾರಿಗೂ ಆಗುವುದಿಲ್ಲ. ಮುದುಕರು ಇರುತ್ತಾರೆ, ಕೈಲಾಗದ ಮಕ್ಕಳು ಇರುತ್ತಾರೆ, ನಾವೂ ಇರುತ್ತೇವೆ.

ಊರಿನ ಮೂರು ಶಾಲೆಗಳಲ್ಲಿ ನಾವು ಹದಿನಾಲ್ಕು ಮಂದಿ ಆಯಾಗಳಿದ್ದೆವು. ಒಬ್ಬಳನ್ನು ಬಿಟ್ಟರೆ ಎಲ್ಲರೂ ಕರಿಯರು. ನಮ್ಮನ್ನು ಕೆಲಸಕ್ಕಿಟ್ಟುಕೊಂಡಿದ್ದು ಶಾಲೆ ಅಲ್ಲ, ಕಂಪನಿ. ಕಂಪನಿ ಶಾಲೆಗೆ ನಮ್ಮನ್ನು ಒದಗಿಸುತ್ತಿತ್ತು, ಅಂಗಡಿಯವನು ಪೊರಕೆ ಒದಗಿಸಿದ ಹಾಗೆ. ಹಾಗಾಗಿ ಟೀಚರುಗಳ ಕೋಣೆಯೊಳಗೆ ನಮಗೆ ಜಾಗವಿರಲಿಲ್ಲ. ಅಲ್ಲಿನ ಕಾಫಿ ಪಾತ್ರೆ ಮುಟ್ಟುವಂತಿರಲಿಲ್ಲ. ಒಂದು ಸಲ ಮುಟ್ಟಿದ್ದಕ್ಕೆ ಬಾಗಿಲಿಗೆ ಚೀಟಿ ಅಂಟಿಸಿದರು. ನಾವು ಬಾಯ್ಲರ್ ಪಕ್ಕದ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದೆವು.

ನಾನಿದ್ದ ಕೋಣೆಯಲ್ಲಿ ಒಂಬತ್ತು ಮಕ್ಕಳು. ಯಾರಿಗೂ ನಡೆಯಲು ಬಾರದು. ಬೆಳಗ್ಗೆ ಎಂಟಕ್ಕೆ ಬಸ್ಸಿನಿಂದ ಇಳಿಸಬೇಕು. ಗಾಲಿಕುರ್ಚಿಯಿಂದ ಎತ್ತಿ ಮೇಜಿನ ಮೇಲೆ ಮಲಗಿಸಬೇಕು. ಡಯಾಪರ್ ಬಿಚ್ಚಬೇಕು, ಒರೆಸಬೇಕು, ಕಟ್ಟಬೇಕು, ಮತ್ತೆ ಎತ್ತಿ ಕುರ್ಚಿಗೆ ಹಾಕಬೇಕು. ಒಂಬತ್ತು ಮಕ್ಕಳು, ದಿನಕ್ಕೆ ಮೂರು ಸಲ. ಎತ್ತುವ ಯಂತ್ರ ಒಂದಿತ್ತು. ಅದು ಕೆಟ್ಟು ಎರಡು ವರ್ಷವಾಗಿತ್ತು. ರಿಪೇರಿ ಶಾಲೆಯದೋ ಕಂಪನಿಯದೋ ಎಂದು ಇಬ್ಬರೂ ಪತ್ರ ಬರೆದುಕೊಳ್ಳುತ್ತಿದ್ದರು. ಅಲ್ಲಿಯತನಕ ಯಂತ್ರ ನಾವೇ. ನನ್ನ ಸೊಂಟದ ಎರಡು ಮೂಳೆಯ ನಡುವಿನ ಮೆತ್ತೆ ಜಾರಿಹೋಗಿದ್ದು ಅಲ್ಲೇ. ವರ್ಲೀನಕ್ಕನ ಎಡ ಭುಜ ಇಳಿದದ್ದೂ ಅಲ್ಲೇ.

ವರ್ಲೀನಕ್ಕನಿಗೆ ಆಗ ಐವತ್ತೆಂಟು. ದಪ್ಪ ಹೆಂಗಸು, ನಿಧಾನದ ನಡಿಗೆ, ಬಾಯಿ ಚೂರಿ. ಅವಳ ತಮ್ಮ ಲುಥಾನ್ ಹುಟ್ಟುವಾಗ ಉಸಿರು ಕಟ್ಟಿ ಮಿದುಳು ಹೋದವನು. ಅವನನ್ನು ಹತ್ತೊಂಬತ್ತು ವರ್ಷ ಅವಳೇ ತಿನ್ನಿಸಿ ತೊಳೆದು ಸಾಕಿದ್ದಳು. ಅವನು ಸತ್ತ ಮೇಲೆ ಈ ಕೆಲಸಕ್ಕೆ ಸೇರಿದಳು. ನಮ್ಮೆಲ್ಲರಿಗೂ ಕೆಲಸ ಕಲಿಸಿದವಳು ಅವಳು. ಕಂಪನಿ ಕಲಿಸಿದ್ದು ಏನು ಗೊತ್ತೇ? ಒಂದು ಮಧ್ಯಾಹ್ನ. ಒಂದು ವೀಡಿಯೋ, ಒಂದು ರಬ್ಬರಿನ ಗೊಂಬೆ, ಎರಡು ಪೆಟ್ಟಿಗೆ ಪಿಜ್ಜಾ. ಕೊನೆಗೆ ಒಂದು ಟ್ಯಾಬು ಕೈಗೆ ಕೊಟ್ಟು ಬೆರಳಿನಿಂದ ಸಹಿ ಗೀಚಿ ಎಂದರು. ಹನ್ನೊಂದು ಪುಟ. ಹಿಂದೆ ಸಾಲು ನಿಂತಿತ್ತು. ಯಾರು ಓದುತ್ತಾರೆ? ಗೀಚಿದೆವು.

ಆ ಕೋಣೆಯಲ್ಲಿ ಓಪಲ್ ಎಂಬ ಹುಡುಗಿ ಇದ್ದಳು. ಹತ್ತು ವರ್ಷ, ಅರವತ್ತೆಂಟು ಪೌಂಡು. ಕತ್ತು ನಿಲ್ಲದು, ಮಾತು ಬಾರದು. ಕಣ್ಣು ಮಾತ್ರ ಬಲು ಚುರುಕು. ಬೇಡದವರು ಹತ್ತಿರ ಬಂದರೆ ಬೇಕೆಂದೇ ಜೊಲ್ಲು ಉಗಿಯುತ್ತಿದ್ದಳು. ಅವಳಿಗೆ ನುಂಗುವುದೇ ಕಷ್ಟ. ಚಮಚ ಸ್ವಲ್ಪ ಅವಸರವಾದರೆ ಅನ್ನನಾಳ ಬಿಟ್ಟು ಉಸಿರುನಾಳಕ್ಕೆ ಹೋಗುತ್ತಿತ್ತು. ಆಮೇಲೆ ನ್ಯುಮೋನಿಯಾ, ಆಸ್ಪತ್ರೆ. ವರ್ಲೀನಕ್ಕ ಅವಳಿಗಿಂತ ತಗ್ಗಿನಲ್ಲಿ ಕೂತು, ಎರಡು ಬೆರಳು ಗದ್ದದಡಿ ಇಟ್ಟು, ಒಂದು ತುತ್ತಿಗೆ ಎರಡು ಸಲ ನುಂಗುವತನಕ ಕಾಯುತ್ತಿದ್ದಳು. ಒಂದು ಬಟ್ಟಲು ಹಿಸುಕಿದ ಗೆಣಸಿಗೆ ಐವತ್ತು ನಿಮಿಷ. ಆರು ವರ್ಷ ಹೀಗೆ ತಿನ್ನಿಸಿದಳು. ಆರು ವರ್ಷದಲ್ಲಿ ಒಂದು ಸಲವೂ ಓಪಲ್ ಆಸ್ಪತ್ರೆಗೆ ಹೋಗಲಿಲ್ಲ.

ಎರಡು ಸಾವಿರದ ಇಪ್ಪತ್ತನಾಲ್ಕರ ಮೇ ತಿಂಗಳಲ್ಲಿ ಶಾಲಾ ಮಂಡಳಿ ಗುತ್ತಿಗೆಯನ್ನು ಬೇರೆ ಕಂಪನಿಗೆ ಕೊಟ್ಟಿತು. ಕಡಿಮೆಗೆ ಬಂದಿತ್ತಂತೆ. ನಮಗೇನು, ಪೊರಕೆ ಅದೇ, ಅಂಗಡಿ ಬೇರೆ. ಹೊಸ ಕಂಪನಿಯವರು ಬಂದು, ನೀವು ಹದಿನಾಲ್ಕು ಮಂದಿಯೂ ಆಗಸ್ಟಿನಿಂದ ನಮ್ಮವರೇ, ಏನೂ ಬದಲಾಗುವುದಿಲ್ಲ ಎಂದು ಕೈ ಕುಲುಕಿ ಹೋದರು.

ಜೂನಿನಲ್ಲಿ ಹಳೆಯ ಕಂಪನಿಯಿಂದ ಹದಿನಾಲ್ಕು ಮನೆಗೂ ಕಾಗದ ಬಂತು. ಅಂದು ಗೀಚಿದ ಹನ್ನೊಂದು ಪುಟದಲ್ಲಿ ಒಂದು ಮಾತಿತ್ತಂತೆ. ಕಂಪನಿ ಬಿಟ್ಟ ಮೇಲೆ ಒಂದು ವರ್ಷ, ಇಪ್ಪತ್ತೈದು ಮೈಲಿಯೊಳಗೆ, ಯಾವ ಶಾಲೆಯಲ್ಲೂ, ಬೇರೆ ಯಾರ ಕೈಕೆಳಗೂ ಈ ಕೆಲಸ ಮಾಡಕೂಡದು. ಮಾಡಿದರೆ ಕೋರ್ಟು. ಬೇಕಾದರೆ ಕಂಪನಿಯ ವೃದ್ಧಾಶ್ರಮವಿದೆ, ಇಪ್ಪತ್ತು ಮೈಲಿ ದೂರ, ಅಲ್ಲಿಗೆ ಬನ್ನಿ.

ವರ್ಲೀನಕ್ಕನ ಮನೆಯ ಮುಂದಿನ ಜಗಲಿಯಲ್ಲಿ ಕೂತು ನಾನು ಆ ಕಾಗದ ಓದಿ ಹೇಳಿದೆ. ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಳು. ಇಪ್ಪತ್ತೈದು ಮೈಲಿ ಎಂದಾಗ ತಲೆಯೆತ್ತಿದಳು.

"ಹಂಗಾರೆ ನದಿ ದಾಟಿ ಆ ಕಡೆ ದಡದಲ್ಲಿ ಒಂದು ಮಗೀನ ಮೂಗು ಒರೆಸ್ಬೇಕಾದ್ರೂ ಇವರ ಅಪ್ಪಣೆ ಬೇಕೇನೇ?"

"ಹಂಗೇ ಕಣಕ್ಕ."

"ನಮ್ಮಜ್ಜಿಯ ಅಜ್ಜೀನ ಗುಲಾಮಗಿರಿ ಕಾಲದಲ್ಲಿ ಆ ಕಡೆ ದಡದಲ್ಲಿ ಹೊಲದ ಸಮೇತ ಮಾರಿದ್ರು. ಆ ಕಾಗದದಲ್ಲೂ ಮೈಲಿ ಲೆಕ್ಕ ಇತ್ತಂತೆ," ಎಂದಳು. ಮತ್ತೆ ಬೀನ್ಸಿಗೆ ಕೈ ಹಾಕಿದಳು.

ಓಪಲ್‌ಳ ತಾಯಿ ರೋಂಡಾ ಬಿಳಿಯ ಹೆಂಗಸು. ಗಂಡ ಬಿಟ್ಟುಹೋಗಿದ್ದ. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ. ಅವಳೇ ಒಂದು ದಿನ ಫೋನು ಹಿಡಿದುಕೊಂಡು ಓಡಿಬಂದಳು. ವಾಷಿಂಗ್ಟನ್ನಿನ ಒಂದು ಆಯೋಗ ಏಪ್ರಿಲ್ಲಿನಲ್ಲೇ ಹೊಸ ನಿಯಮ ಮಾಡಿದೆ, ಇಂಥ ಕರಾರುಗಳು ಇನ್ನು ನಡೆಯುವುದಿಲ್ಲ, ದೇಶದ ಉದ್ದಗಲಕ್ಕೂ ರದ್ದು, ಸೆಪ್ಟೆಂಬರ್ ನಾಲ್ಕರಿಂದ ಜಾರಿ ಎಂದಳು. ನಾವು ಅದನ್ನು ಮೂರು ಸಲ ಓದಿದೆವು. ಕೋಟಿಗಟ್ಟಲೆ ಜನ ಇಂಥ ಕಾಗದಕ್ಕೆ ಸಿಕ್ಕಿಬಿದ್ದಿದ್ದಾರೆ ಎಂದು ಅದರಲ್ಲಿತ್ತು. ನಾವು ಹದಿನಾಲ್ಕೇ ಮಂದಿ ಮೂರ್ಖರಲ್ಲ ಎಂದು ತಿಳಿದು ನನಗೆ ಒಂದು ತರದ ಸಮಾಧಾನವಾಯಿತು. ಶಾಲೆ ಶುರುವಾಗುವುದು ಆಗಸ್ಟ್ ಹತ್ತೊಂಬತ್ತಕ್ಕೆ. ಎರಡು ವಾರ ಕಾದರೆ ಸಾಕು. ಹೊಸ ಕಂಪನಿಯವರೂ ಸರಿ, ಅಲ್ಲಿಯತನಕ ಬೇರೆಯವರನ್ನು ಇಟ್ಟು ತೂಗಿಸುತ್ತೇವೆ ಎಂದರು.

ವರ್ಲೀನಕ್ಕ ಮಾತ್ರ ನಗಲಿಲ್ಲ. ದೊಡ್ಡವರು ಕೊಡುತ್ತೇವೆ ಎಂದದ್ದು ಕೈಗೆ ಬಂದ ಮೇಲೆ ಹೇಳು ಎಂದಳು. ಆದರೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾಲ್ಕನೇ ತಾರೀಖಿಗೆ ಒಂದು ಸುತ್ತು ಹಾಕಿದ್ದನ್ನು ನಾನು ನೋಡಿದೆ.

ನನಗೆ ಕಾಯುವಷ್ಟು ಧೈರ್ಯವಿರಲಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ, ಅವಳ ಸೂಜಿಮದ್ದು. ಜುಲೈಯಲ್ಲೇ ವೃದ್ಧಾಶ್ರಮಕ್ಕೆ ಸೇರಿಕೊಂಡೆ. ಮಕ್ಕಳ ಬದಲು ಮುದುಕರು. ಅದೇ ಎತ್ತುವುದು, ಅದೇ ಒರೆಸುವುದು.

ಹತ್ತೊಂಬತ್ತಕ್ಕೆ ಶಾಲೆ ತೆರೆಯಿತು. ಅಂದು ಮಧ್ಯಾಹ್ನವೇ ರೋಂಡಾ ಅಳುತ್ತ ವರ್ಲೀನಕ್ಕನಿಗೆ ಫೋನು ಮಾಡಿದಳಂತೆ. ಓಪಲ್‌ಗೆ ತಿನ್ನಿಸಲು ಹೊಸಬಳನ್ನು ಕೂರಿಸಿದ್ದಾರೆ, ಇಪ್ಪತ್ತರ ಹುಡುಗಿ, ಹಿಂದಿನ ವಾರದವರೆಗೆ ಬರ್ಗರ್ ಅಂಗಡಿಯಲ್ಲಿದ್ದವಳು. ಅವಳ ತಪ್ಪಲ್ಲ. ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ ಮಾಡು ಎಂದು ಯಾರೋ ಹೇಳಿದ್ದಾರೆ. ಓಪಲ್ ಕೆಮ್ಮಿ ನೀಲಿಯಾಗಿದ್ದಾಳೆ.

ಮರುದಿನ, ಇಪ್ಪತ್ತನೇ ತಾರೀಖು, ಟೆಕ್ಸಾಸಿನ ಒಬ್ಬ ನ್ಯಾಯಾಧೀಶೆ ಆ ನಿಯಮವನ್ನೇ ಹೊಡೆದುಹಾಕಿದರು. ಅಂಥ ನಿಯಮ ಮಾಡುವ ಅಧಿಕಾರ ಆ ಆಯೋಗಕ್ಕೆ ಇಲ್ಲವಂತೆ. ದೊಡ್ಡ ವ್ಯಾಪಾರಸ್ಥರ ಸಂಘಗಳು ಹೋಗಿ ಕೇಳಿದ್ದವು. ಅವರಿಗೆ ಸಿಕ್ಕಿತು. ನಾವು ಟೆಕ್ಸಾಸನ್ನು ಕಣ್ಣಲ್ಲೂ ಕಂಡವರಲ್ಲ. ನಮ್ಮ ಹದಿನೈದು ದಿನವನ್ನು ಅಲ್ಲಿ ಕೂತವರೊಬ್ಬರು ಒಂದು ಸಹಿಯಲ್ಲಿ ಒರೆಸಿಹಾಕಿದರು.

ಕೆಲಸ ಬಿಟ್ಟು ಬಂದು ನಾನೇ ಸುದ್ದಿ ಹೇಳಿದೆ. ವರ್ಲೀನಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಡಿಸುವುದು ನಿಲ್ಲಿಸಲಿಲ್ಲ.

"ಪೂರ್ತಿ ರದ್ದಾ?"

"ಪೂರ್ತಿ."

"ಇನ್ನು ಕಾಯಕ್ಕೆ ಏನೂ ಉಳಿದಿಲ್ಲ ಅನ್ನು."

"ಇಲ್ಲಕ್ಕ."

"ಸರಿ ಹಂಗಾದ್ರೆ. ನಾಳೆನೇ ಹೋಯ್ತೀನಿ."

ನನಗೆ ಅರ್ಥವಾಗಲಿಲ್ಲ. ಎಲ್ಲಿಗೆ ಎಂದೆ.

"ಶಾಲೆಗೆ ಕಣೇ. ಎರಡು ವಾರ ಕಾದ್ರೆ ನ್ಯಾಯ ಸಿಗ್ತದೆ ಅಂತ ಕೂತಿದ್ದೆ. ಸಿಗಕ್ಕಿಲ್ಲ ಅಂತ ಗೊತ್ತಾದ ಮೇಲೆ ಯಾಕೆ ಕೂರ್ಲಿ? ಆ ಮಗು ಅಲ್ಲಿ ಕೆಮ್ಮಿ ಸಾಯ್ತಾ ಅದೆ. ನನ್ನ ಕೈ ಇಲ್ಲಿ ಟವೆಲ್ ಮಡಿಸ್ತಾ ಅದೆ."

ಕೋರ್ಟಿಗೆ ಎಳೆಯುತ್ತಾರೆ ಎಂದು ಹೇಳಿದೆ. ಎಳೀಲಿ, ನನ್ನ ತೂಕ ನೋಡಿದ್ದೀಯಲ್ಲ, ಎಳೆಯೋರಿಗೇ ಸುಸ್ತು ಎಂದಳು.

ಇಪ್ಪತ್ತೊಂದಕ್ಕೆ ಹೋದಳು. ಹೊಸ ಕಂಪನಿಯವರು ಬೇಡ ಎನ್ನಲಿಲ್ಲ. ಅವರಿಗೆ ಆಳು ಬೇಕಿತ್ತು. ಹದಿನಾಲ್ಕರಲ್ಲಿ ಹಿಂತಿರುಗಿ ಹೋದವಳು ಅವಳೊಬ್ಬಳೇ. ಮೂರು ವಾರ ತಿನ್ನಿಸಿದಳು. ಬರ್ಗರ್ ಅಂಗಡಿಯ ಹುಡುಗಿಗೂ ಕಲಿಸಿದಳು.

ನಾಲ್ಕನೇ ವಾರದ ಸೋಮವಾರ ಕೋಣೆಗೆ ಒಬ್ಬ ಮನುಷ್ಯ ಬಂದ. ಕೋರ್ಟಿನ ಕಾಗದ ಮುಟ್ಟಿಸುವವನು. ವರ್ಲೀನಕ್ಕ ಮೇಜಿನ ಮೇಲೆ ಓಪಲ್‌ಳನ್ನು ಮಲಗಿಸಿ ಒರೆಸುತ್ತಿದ್ದಳು. ಮಗುವಿನ ಮೈ ಬತ್ತಲೆ. ವರ್ಲೀನಕ್ಕನ ಎರಡು ಕೈಯಲ್ಲೂ ಹೇಲು. ಮಗುವಿಗೆ ಬಟ್ಟೆ ಹೊದಿಸುತ್ತೇನೆ, ಕೈ ತೊಳೆಯುತ್ತೇನೆ, ಹೊರಗೆ ನಿಂತಿರಿ ಎಂದಳಂತೆ. ತನಗೆ ಹೊತ್ತಿಲ್ಲ ಎಂದು ಅವನು ಕಾಗದವನ್ನು ಅವಳ ಹೆಗಲ ಮೇಲೆ ಇಟ್ಟ. ಅದು ಜಾರಿ ಕೊಳೆ ಡಯಾಪರಿನ ಮೇಲೆ ಬಿತ್ತು. ಮುಟ್ಟಿಸಿದ್ದಾಯಿತು ಎಂದು ಫೋಟೋ ತೆಗೆದುಕೊಂಡು ಹೋದ. ಬತ್ತಲೆ ಮಗುವೂ ಆ ಫೋಟೋದಲ್ಲಿ ಬಂದಿತ್ತು. ಅದು ಕೋರ್ಟಿನ ಕಡತದಲ್ಲಿ ಇವತ್ತಿಗೂ ಇದೆ. ಆ ಮಗುವಿನ ಮಾನ ಕಾಯಲು ಯಾವ ಕರಾರೂ ಇರಲಿಲ್ಲ.

ಅದೇ ವಾರ ನನ್ನನ್ನು ಹಳೆಯ ಕಂಪನಿಯ ಕಚೇರಿಗೆ ಕರೆಸಿದರು. ಸಿಬ್ಬಂದಿ ನೋಡಿಕೊಳ್ಳುವ ಪೇಜ್ ಎಂಬಾಕೆ ನನಗೆ ಕಾಫಿ ಕೊಟ್ಟಳು. ಎಂಟು ವರ್ಷದಲ್ಲಿ ಮೊದಲ ಸಲ ಆ ಕಂಪನಿಯಲ್ಲಿ ಯಾರೋ ನನಗೆ ಕಾಫಿ ಕೊಟ್ಟರು. ಆಗಲೇ ನನಗೆ ಗೊತ್ತಾಗಬೇಕಿತ್ತು. ತಾಯಿ ಹೇಗಿದ್ದಾರೆ, ಇನ್ಶೂರೆನ್ಸ್ ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳಿದಳು. ಇನ್ಶೂರೆನ್ಸ್ ಎಂಬ ಮಾತನ್ನು ಎರಡು ಸಲ ಹೇಳಿದಳು. ಆಮೇಲೆ ಒಂದು ಹಾಳೆ ತಳ್ಳಿದಳು. ಮಕ್ಕಳಿಗೆ ತಿನ್ನಿಸುವ, ಎತ್ತುವ, ಶುಚಿ ಮಾಡುವ ವಿಶೇಷ ವಿಧಾನವನ್ನು ಕಂಪನಿಯೇ ರೂಪಿಸಿದೆ. ಅದು ಕಂಪನಿಯ ವ್ಯಾಪಾರದ ರಹಸ್ಯ. ನನಗೂ ವರ್ಲೀನ್ ಟಿಬ್ಸ್‌ಗೂ ಅದನ್ನು ಕಂಪನಿಯೇ ಕಲಿಸಿತು. ಹೀಗೆ ಇತ್ತು.

ಎರಡು ಸಲ ಓದಿದೆ. ಈ ಸಲ ಓದದೆ ಗೀಚಿದೆ ಎನ್ನುವಂತಿಲ್ಲ. ಓದಿದೆ, ತಿಳಿಯಿತು, ಸಹಿ ಹಾಕಿದೆ. ಕಾಫಿಯನ್ನೂ ಪೂರ್ತಿ ಕುಡಿದೆ.

ಅಕ್ಟೋಬರಿನಲ್ಲಿ ವಿಚಾರಣೆ. ಅಷ್ಟರಲ್ಲಿ ಹೊಸ ಕಂಪನಿಯ ವಕೀಲರು ಹಳೆಯ ಕಂಪನಿಯ ವಕೀಲರ ಜೊತೆ ಕೂತು ರಾಜಿ ಮಾಡಿಕೊಂಡಿದ್ದರು. ನಿಮ್ಮ ಆಳುಗಳನ್ನು ನಾವು ಮುಟ್ಟುವುದಿಲ್ಲ, ನಮ್ಮವರನ್ನು ನೀವು ಮುಟ್ಟಬೇಡಿ. ಎರಡು ಅಂಗಡಿಯವರು ಒಂದಾದರು. ವರ್ಲೀನಕ್ಕನನ್ನು ಕೆಲಸದಿಂದ ತೆಗೆದರು, ಕೋರ್ಟಿನಲ್ಲಿ ಒಬ್ಬಳನ್ನೇ ಬಿಟ್ಟರು. ಅವಳಿಗೆ ವಕೀಲರಿರಲಿಲ್ಲ. ಚರ್ಚಿಗೆ ಉಡುವ ನೀಲಿ ಉಡುಪು ಹಾಕಿಕೊಂಡು ದೊಡ್ಡ ಮೇಜಿನ ಹಿಂದೆ ಒಬ್ಬಳೇ ಕೂತಿದ್ದಳು. ಆಚೆ ಮೇಜಿನಲ್ಲಿ ಕೋಟು ತೊಟ್ಟ ಮೂವರು ವಕೀಲರು.

ಕಂಪನಿ ನನ್ನನ್ನು ಸಾಕ್ಷಿಗೆ ಕರೆಯಿತು. ಕಟಕಟೆಗೆ ಹೋಗುವಾಗ ಅವಳ ಪಕ್ಕದಲ್ಲೇ ಹಾಯಬೇಕು. ಅವಳಿಗೆ ನನ್ನ ಸಹಿಯ ವಿಷಯ ಗೊತ್ತಿತ್ತು, ಕಾಗದದಲ್ಲಿ ಓದಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಸೊಂಟ ಹೇಗಿದೆ ಎಂದು ಮೆಲ್ಲಗೆ ಕೇಳಿದಳು. ಬೈದಿದ್ದರೆ ಆಗ ನಾನು ಸುಳ್ಳನ್ನೇ ಹೇಳಿಬಿಡುತ್ತಿದ್ದೆನೋ ಏನೋ.

ಕಂಪನಿಯ ವಕೀಲ ಎಳೆಯವನು, ಹೊಳೆಯುವ ಬೂಟು. ನನ್ನ ಹಾಳೆಯನ್ನು ಓದಿ, ಇದು ನಿಮ್ಮ ಹೇಳಿಕೆ ತಾನೇ ಎಂದ. ಹೌದು ಎಂದೆ. ಇದು ನಿಜ ತಾನೇ ಎಂದ.

"ಸುಳ್ಳು," ಎಂದೆ.

ಅವನು ಹಾಳೆಯನ್ನು ಎತ್ತಿ ತೋರಿಸಿ, ಈ ಸಹಿ ನಿಮ್ಮದಲ್ಲವೇ ಎಂದ.

"ಸಹಿ ನಂದೇ. ಹೆದರ್ಕೊಂಡು ಹಾಕ್ದೆ. ಕಂಪನಿ ನಮಗೆ ಒಂದು ವೀಡಿಯೋ ತೋರಿಸ್ತು, ಒಂದು ಗೊಂಬೆ ಕೊಡ್ತು. ಗೊಂಬೆ ಕೆಮ್ಮಲ್ಲ, ಗೊಂಬೆ ಹೇಲಲ್ಲ. ಮಗೀಗೆ ತಿನ್ನಿಸೋದು ನನಗೆ ಕಲಿಸಿದ್ದು ಅಗೋ, ಅಲ್ಲಿ ಕೂತವ್ಳೆ. ಅವಳಿಗೆ ಕಲಿಸಿದ್ದು ಅವಳ ತಮ್ಮ. ಅವನು ಸತ್ತೋದ. ಬೇಕಾದ್ರೆ ಅವನ ಮೇಲೂ ಕೇಸು ಹಾಕಿ."

ಹಿಂದಿನ ಬೆಂಚಿನಲ್ಲಿ ರೋಂಡಾ ಜೋರಾಗಿ ನಕ್ಕಳು. ಪೊಲೀಸಿನವನು ಅವಳತ್ತ ಬೆರಳು ತೋರಿಸಿದ. ಸುಳ್ಳು ಪ್ರಮಾಣ ಅಪರಾಧ, ಗೊತ್ತೇ ಎಂದು ವಕೀಲ ನನ್ನನ್ನು ಕೇಳಿದ. ಗೊತ್ತು, ಬರೆದುಕೊಟ್ಟವರನ್ನೂ ಕೇಳಿ ಎಂದು ಪೇಜಳ ಕಡೆ ನೋಡಿದೆ. ಅವಳು ಫೋನು ನೋಡುತ್ತಿದ್ದಳು.

ನ್ಯಾಯಾಧೀಶರು ವಯಸ್ಸಾದವರು, ಕೆಟ್ಟ ಮಾತಿನವರಲ್ಲ. ನನ್ನ ಮಾತನ್ನು ಬರೆದುಕೊಂಡರು. ರಹಸ್ಯ ಇದೆಯೋ ಇಲ್ಲವೋ ಆಮೇಲೆ ನೋಡೋಣ, ಕರಾರು ಕರಾರೇ ಎಂದರು. ಬರುವ ಜೂನಿನವರೆಗೆ ವರ್ಲೀನ್ ಟಿಬ್ಸ್ ಇಪ್ಪತ್ತೈದು ಮೈಲಿಯೊಳಗಿನ ಯಾವ ಶಾಲೆಯ ಮಕ್ಕಳ ಆರೈಕೆಯನ್ನೂ ಮಾಡತಕ್ಕದ್ದಲ್ಲ, ಕೂಲಿಗಾಗಲಿ ಬಿಟ್ಟಿಗಾಗಲಿ. ಬಿಟ್ಟಿ ಎಂಬುದನ್ನು ಆ ಹೊಳೆಯುವ ಬೂಟಿನವನು ಕೇಳಿ ಸೇರಿಸಿಕೊಂಡ.

ವರ್ಲೀನಕ್ಕ ಎದ್ದು ನಿಂತಳು.

"ಜಡ್ಜ್ ಸಾಹೇಬ್ರೇ, ಒಂದು ಕೇಳ್ಬೋದಾ? ಜೂನ್‌ವರೆಗೂ ಆ ಮಗು ಏನು ತಿನ್ನಬೇಕು?"

"ಆ ಪ್ರಶ್ನೆ ಈ ನ್ಯಾಯಾಲಯದ ಮುಂದೆ ಇಲ್ಲಮ್ಮಾ," ಎಂದರು ಅವರು.

"ನನ್ನ ಮುಂದೆ ಐತೆ," ಎಂದಳು ಅವಳು. ಚೀಲ ತೆಗೆದುಕೊಂಡು ಹೊರಟಳು.

ಅದೇ ದಿನ ಪಾಳಿಗೆ ಹೋದರೆ ವೃದ್ಧಾಶ್ರಮದ ಬಾಗಿಲು ನನ್ನ ಕಾರ್ಡಿಗೆ ತೆರೆಯಲಿಲ್ಲ. ಗಾಜಿನೊಳಗಿಂದ ಕಾವಲಿನವನು ಕೈಯಾಡಿಸಿದ, ಹೋಗು ಎಂದು. ಒಳಗೆ ನನ್ನ ಸ್ವೆಟರ್ ಇತ್ತು. ಅದನ್ನೂ ಕೊಡಲಿಲ್ಲ.

ಇದಾದ ಎರಡನೆಯ ವಾರಕ್ಕೆ ಓಪಲ್ ಆಸ್ಪತ್ರೆ ಸೇರಿದಳು. ಬರ್ಗರ್ ಅಂಗಡಿಯ ಹುಡುಗಿ ಕೆಲಸ ಬಿಟ್ಟಿದ್ದಳು. ಅವಳ ಜಾಗಕ್ಕೆ ಬಂದವಳಿಗೆ ಹೇಳಿಕೊಡುವವರಿರಲಿಲ್ಲ. ಬಲ ಶ್ವಾಸಕೋಶದಲ್ಲಿ ನ್ಯುಮೋನಿಯಾ. ಒಂಬತ್ತು ದಿನ ಇದ್ದಳು. ಆರು ಪೌಂಡು ಇಳಿದಳು. ಹೊಟ್ಟೆಗೆ ತೂತು ಕೊರೆದು ನಳಿಕೆ ಹಾಕಿಬಿಡೋಣ ಎಂದು ಡಾಕ್ಟರು ಹೇಳಿದರಂತೆ. ರೋಂಡಾ ಒಪ್ಪಲಿಲ್ಲ. ನನ್ನ ಮಗಳಿಗೆ ತಿನ್ನಲು ಬರುತ್ತದೆ, ತಿನ್ನಿಸುವವರನ್ನು ನೀವು ಊರಾಚೆ ಇಟ್ಟಿದ್ದೀರಿ ಎಂದು ಡಾಕ್ಟರ ಮೇಲೆ ಕೂಗಾಡಿದಳು. ಡಾಕ್ಟರು ಪಾಪ, ಏನೂ ತಿಳಿಯದೆ ನಿಂತಿದ್ದರು.

ಮಗುವನ್ನು ಶಾಲೆಯಿಂದ ಹೊರಗೆ ಕರೆದೊಯ್ಯುವ ಹಕ್ಕು ತಾಯಿಗೆ ಇದೆ. ಪುಸ್ತಕದಲ್ಲಿ ಸಹಿ ಹಾಕಿ ಕರೆದೊಯ್ಯಬೇಕು, ಅಷ್ಟೆ. ರೋಂಡಾ ತನ್ನ ಊಟದ ಬಿಡುವಿನಲ್ಲಿ ಬಂದು ಓಪಲ್‌ಳನ್ನು ಕುರ್ಚಿಯಲ್ಲಿ ಗೇಟಿನಾಚೆಗೆ ತಳ್ಳಿಕೊಂಡು ಬರತೊಡಗಿದಳು. ಅಲ್ಲಿ ರಸ್ತೆಬದಿಯ ಕಾಲುದಾರಿ. ಅಲ್ಲಿ ವರ್ಲೀನಕ್ಕ ಹಾಲಿನ ಕ್ರೇಟು ಬೋರಲು ಹಾಕಿಕೊಂಡು ಕೂತಿದ್ದಳು. ಹನ್ನೊಂದು ನಲವತ್ತರಿಂದ ಹನ್ನೆರಡೂವರೆ. ಬಿಸಿ ಡಬ್ಬಿಯಲ್ಲಿ ಹಿಸುಕಿದ ಆಲೂಗಡ್ಡೆ, ಸಾರು. ನವೆಂಬರಿನ ಗಾಳಿ ನದಿಯಿಂದ ಬಂದು ಮೂಳೆಗೆ ಇಳಿಯುತ್ತಿತ್ತು. ಮಗುವಿಗೆ ಮೂರು ಕಂಬಳಿ. ವರ್ಲೀನಕ್ಕನ ಕೈಗೆ ಗವಸಿಲ್ಲ. ಗವಸು ಹಾಕಿದರೆ ಗಂಟಲು ನುಂಗಿದ್ದು ಬೆರಳಿಗೆ ತಿಳಿಯುವುದಿಲ್ಲ.

ಮೊದಲ ವಾರ ಒಂದೇ ಮಗು. ಎರಡನೆಯ ವಾರ ಮೂರು ತಾಯಂದಿರು ಬಂದರು. ನಾನು ಕಂಬಳಿ ಹೊದಿಸುತ್ತಿದ್ದೆ, ಡಬ್ಬಿ ಬಿಸಿ ಮಾಡಿಕೊಂಡು ಹೋಗುತ್ತಿದ್ದೆ. ಚಮಚ ಮಾತ್ರ ಮುಟ್ಟುತ್ತಿರಲಿಲ್ಲ. ನನ್ನ ಹೆಸರಿನ ಹನ್ನೊಂದು ಪುಟವೂ ಕಂಪನಿಯ ಹತ್ತಿರ ಇತ್ತು. ಭಯ ಹೋಗಿರಲಿಲ್ಲ. ಕೋರ್ಟಿನಲ್ಲಿ ಒಂದು ಸಲ ನಿಜ ಹೇಳಿದ ಮಾತ್ರಕ್ಕೆ ಭಯ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದರ ಫೋಟೋವನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿ, ಎಂಥ ತಾಯಿಯ ಹೃದಯ ಎಂದು ಬರೆದರು. ಸಾವಿರಾರು ಜನ ಮೆಚ್ಚಿದರು. ವರ್ಲೀನಕ್ಕನಿಗೆ ಅದನ್ನು ತೋರಿಸಿದೆ. ಅವಳಿಗೆ ಸಿಟ್ಟು ಬಂತು. ಹೃದಯವಂತೆ, ಇದು ಕೆಲಸ ಕಣೇ, ನನ್ನ ಕೆಲಸ, ಬಿಟ್ಟಿ ಮಾಡಿಸ್ಕೊಳ್ತಾ ಅವರೆ, ಮೇಲೆ ಹೂವು ಹಾಕ್ತಾರೆ ಎಂದಳು. ಹೊಟ್ಟೆಪಾಡಿಗೆ ಅವಳು ಆಗ ಬೆಳಗಿನ ಜಾವ ಬ್ಯಾಂಕಿನ ಕಕ್ಕಸು ತೊಳೆಯುತ್ತಿದ್ದಳು.

ಪ್ರಿನ್ಸಿಪಾಲರು ಕೋಟು ಹೊದ್ದು ಗೇಟಿನವರೆಗೆ ಬಂದರು. ಬೇರೆ ಮಕ್ಕಳ ಪೋಷಕರು ನೋಡುತ್ತಾರೆ, ಶಾಲೆಯ ಹೆಸರು ಕೆಡುತ್ತದೆ, ಸ್ವಲ್ಪ ಆಚೆ, ಮೂಲೆಯಲ್ಲಿ ಕೂತರೆ ಒಳ್ಳೆಯದು ಎಂದರು. ಆರು ವರ್ಷದಲ್ಲಿ ಅವರು ನಮ್ಮ ಕೋಣೆಗೆ ಎರಡು ಸಲ ಇಳಿದು ಬಂದಿದ್ದರು. ವರ್ಲೀನಕ್ಕ ಓಪಲ್‌ಳ ಗಂಟಲಿನಿಂದ ಕಣ್ಣು ತೆಗೆಯದೆ, "ಮೇಡಂ, ಗಾಳಿಗೆ ಅಡ್ಡ ನಿಂತಿದ್ದೀರಿ, ಅಷ್ಟು ಉಪಕಾರ ಆಯ್ತು. ಹಂಗೇ ನಿಂತಿರಿ," ಎಂದಳು. ಪ್ರಿನ್ಸಿಪಾಲರು ಗಾಳಿಗೆ ಅಡ್ಡ ನಿಲ್ಲಲೂ ಇಷ್ಟವಿಲ್ಲದೆ ಒಳಗೆ ಹೋದರು.

ಕಂಪನಿಯ ಕಡೆಯಿಂದ ಒಬ್ಬ ಕಾರಿನಲ್ಲಿ ಕೂತು ಫೋಟೋ ತೆಗೆಯತೊಡಗಿದ. ಡಿಸೆಂಬರಿನಲ್ಲಿ ನೋಟೀಸು ಬಂತು. ನ್ಯಾಯಾಲಯದ ಆಜ್ಞೆ ಮೀರಿದ್ದೀರಿ, ಮಂಗಳವಾರ ಹನ್ನೊಂದೂವರೆಗೆ ಹಾಜರಾಗಿ. ಅವಳು ನೋಟೀಸಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಳು: ಆ ಹೊತ್ತಿಗೆ ಮಗುವಿನ ಊಟ. ಒಂದು ಗಂಟೆಗೆ ಬರುತ್ತೇನೆ. ಅದನ್ನು ನಾವಿಬ್ಬರೂ ಹೋಗಿ ಕೋರ್ಟಿನ ಕಿಟಕಿಯಲ್ಲಿ ಕೊಟ್ಟೆವು. ಗುಮಾಸ್ತೆ ಅದನ್ನು ಓದಿ, ಹೀಗೆಲ್ಲ ನಡೆಯುವುದಿಲ್ಲ, ಹೊತ್ತು ಹೇಳುವುದು ನೀವಲ್ಲ ಎಂದಳು. ಕೊಟ್ಟಿದ್ದೇನೆ ಎಂದು ಮೊಹರು ಒತ್ತಿ ಎಂದಳು ವರ್ಲೀನಕ್ಕ. ಒತ್ತುವವರೆಗೆ ಕಿಟಕಿ ಬಿಡಲಿಲ್ಲ.

ಮಂಗಳವಾರ ಹಿಮ ಬೀಳುತ್ತಿತ್ತು. ಹನ್ನೆರಡು ಹತ್ತಕ್ಕೆ ಶೆರಿಫನ ಕಾರು ಬಂತು. ಕೋರ್ಟು ಅಲ್ಲಿಂದ ನಾಲ್ಕು ಬೀದಿ. ಇಳಿದವನು ನಮ್ಮೂರಿನವನೇ, ಡೆರಿಲ್ ಎಂದು ಹೆಸರು. ಚರ್ಚಿನ ಭಾನುವಾರದ ಪಾಠದಲ್ಲಿ ವರ್ಲೀನಕ್ಕನೇ ಅವನಿಗೆ ಅಕ್ಷರ ತಿದ್ದಿಸಿದ್ದಳಂತೆ.

"ಏಳಮ್ಮಾ, ವಾರಂಟು ಐತೆ," ಎಂದ. ಕಣ್ಣು ನೆಲದ ಮೇಲೆ.

"ಇನ್ನು ಆರು ಚಮಚ ಐತೆ ಕಣೋ."

"ಅಮ್ಮಾ, ನನಗೂ ಮೇಲಿನವರು ಅವ್ರೆ."

"ಅವರಿಗೆ ಆರು ಚಮಚ ಅಂತ ಹೇಳು. ಮಧ್ಯದಲ್ಲಿ ಎಬ್ಬಿಸಿದ್ರೆ ಇದು ಉಸಿರಿಗೆ ಹೋಗ್ತದೆ. ಆಮೇಲೆ ನೀನೇ ಎತ್ಕೊಂಡು ಓಡಬೇಕು."

ಅವನು ನಿಂತ. ಟೊಪ್ಪಿಗೆಯ ಮೇಲೆ ಹಿಮ ಬಿತ್ತು. ಆರು ಚಮಚಕ್ಕೆ ಹದಿನೇಳು ನಿಮಿಷ ಹಿಡಿಯಿತು. ವರ್ಲೀನಕ್ಕ ಒಂದನ್ನೂ ಅವಸರ ಮಾಡಲಿಲ್ಲ. ಮುಗಿಸಿ ಓಪಲ್‌ಳ ಬಾಯಿ ಒರೆಸಿದಳು, ಚಮಚ ಒರೆಸಿ ರೋಂಡಾಳ ಕೈಗೆ ಕೊಟ್ಟಳು. ಎದ್ದು ನಿಲ್ಲಲು ಮಂಡಿ ಬರಲಿಲ್ಲ. ಡೆರಿಲ್ ಕೈ ಚಾಚಿದ. ಅವಳು ಆ ಕೈ ಹಿಡಿಯಲಿಲ್ಲ. ಗೇಟಿನ ಕಂಬಿ ಹಿಡಿದುಕೊಂಡು ತಾನೇ ಎದ್ದಳು. ತಾನೇ ಕೈ ಮುಂದೆ ಚಾಚಿದಳು. ಬೇಡಿ ಬೇಡ ಎಂದು ಅವನು ಹೇಳಿದ. ಹಾಕು, ನೋಡೋರು ಸರಿಯಾಗಿ ನೋಡ್ಲಿ ಎಂದಳು. ಅವನು ಹಾಕಿದ. ಕಂಪನಿಯ ಕಾರಿನವನು ಅದರ ಫೋಟೋವನ್ನೂ ತೆಗೆದ. ಶಾಲೆಯ ಕಿಟಕಿಗಳಲ್ಲಿ ಮಕ್ಕಳ ತಲೆ ಕಂಡವು. ಟೀಚರುಗಳು ಪರದೆ ಎಳೆದರು.

ಮೂರು ದಿನ ಜೈಲಿನಲ್ಲಿಟ್ಟರು. ಭುಜದ ನೋವಿಗೆ ಮಾತ್ರೆ ಕೊಡಲಿಲ್ಲ.

ಬುಧವಾರ ಹನ್ನೊಂದು ನಲವತ್ತಕ್ಕೆ ರೋಂಡಾ ಓಪಲ್‌ಳನ್ನು ಗೇಟಿನಾಚೆಗೆ ತಂದಳು. ಡಬ್ಬಿಯ ಮುಚ್ಚಳ ತೆಗೆದು ಚಮಚವನ್ನು ಪಕ್ಕದಲ್ಲಿಟ್ಟಳು. ಅವಳು ನನ್ನನ್ನು ಏನೂ ಕೇಳಲಿಲ್ಲ. ಡಬ್ಬಿಯಿಂದ ಹಬೆ ಏಳುತ್ತಿತ್ತು. ರಸ್ತೆಯಾಚೆ ಆ ಕಾರು ಎಂದಿನಂತೆ ನಿಂತಿತ್ತು, ಇಂಜಿನು ಓಡುತ್ತಿತ್ತು, ಒಳಗಿನವನಿಗೆ ಬೆಚ್ಚಗಿರಬೇಕಲ್ಲ.

ನನ್ನ ತಾಯಿಯ ಸೂಜಿಮದ್ದು ನೆನಪಾಯಿತು. ಸೊಂಟ ನೆನಪಾಯಿತು. ಅಷ್ಟೆಲ್ಲ ನೆನೆಯುತ್ತಲೇ ನಾನು ಕೈಗವಸು ಬಿಚ್ಚಿದೆ. ಕ್ರೇಟಿನ ಮೇಲೆ ಕೂತೆ. ಓಪಲ್ ನನ್ನನ್ನು ನೋಡಿ ಮುಖದ ಮೇಲೆ ಉಗಿದಳು. ಒರೆಸಿಕೊಂಡೆ. ಮತ್ತೆ ಉಗಿದಳು. ಮತ್ತೆ ಒರೆಸಿಕೊಂಡೆ. ಮೂರನೆಯ ಸಲ ಬಾಯಿ ತೆರೆದಳು.

ಕಾರಿನ ಗಾಜು ಇಳಿಯಿತು, ಫೋನು ಹೊರಬಂತು. ನಾನು ಶಿರವಸ್ತ್ರ ಹಿಂದಕ್ಕೆ ಸರಿಸಿದೆ, ಮುಖ ಚೆನ್ನಾಗಿ ಬರಲೆಂದು. ಹೆಸರನ್ನೂ ಕೂಗಿ ಹೇಳಿದೆ, ಅವನಿಗೆ ಹುಡುಕುವ ಕಷ್ಟ ಬೇಡವೆಂದು. ಶಾಂಡ್ರಾ ಮೆಬೇನ್. ಬರೆದುಕೋ. ನಾಳೆಯೂ ಇಲ್ಲೇ ಇರುತ್ತೇನೆ.